ಏಳಕ್ಕೆ ನಾಲ್ಕು

ನಾಲ್ಕು ಕೊಟ್ಟಿದ್ದೆ. ಏಳಕ್ಕೆ ನಾಲ್ಕು.
ನಮ್ಮಲ್ಲಿ ಅದು ಹೊಸ್ತಿಲ ಅಂಕ:
ಒಳಗೆ ಬಾ ಎನ್ನಬಹುದು, ಕೂರು ಎನ್ನುವಂತಿಲ್ಲ.
ಬದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೆ, ಸುಧಾರಿಸಬೇಕು.

ಹಾಳೆಯಲ್ಲಿ ಕಟ್ಟಡವೇ ಇರಲಿಲ್ಲ.
ವಾಲ್ಪರಾಯಿಸೊದ ಒಂದು ಗುಡ್ಡ, ಅದರ ಮೈಗೆ
ಇನ್ನೂರ ಹದಿನೆಂಟು ಮೆಟ್ಟಿಲು,
ಅಲ್ಲಲ್ಲಿ ಪೆನ್ಸಿಲಿನ ಚುಕ್ಕಿ, ಸಾಸಿವೆ ಚೆಲ್ಲಿದ ಹಾಗೆ.
"ಇದೇನು?" ಎಂದೆ.
"ಜನ ನಿಂತ ಜಾಗ" ಎಂದಳು ನಯಾರೆತ್.
"ಯಾಕೆ ನಿಂತರು?"
"ಕೇಳಲಿಲ್ಲ. ಎಷ್ಟು ಹೊತ್ತು ಅಂತ ಬರೆದುಕೊಂಡೆವು."

ಗುಡ್ಡವೇರುವ ಹಳಿಗಾಡಿ ಕೆಟ್ಟು ನಿಂತು ವರ್ಷವಾಗಿತ್ತು.
ಅದರ ನಿಲ್ದಾಣದ ತಗಡಿನ ಕೆಳಗೆ ಹನ್ನೊಂದು ದಿನ ಕೂತು
ನಯಾರೆತ್, ಎಲಿಸೇಯೊ, ಮೀನುಗಾರರ ಮನೆಯ ಆ ಮಾತಿಲ್ಲದ ಬಾಲ್ತಾಸಾರ್
ಊರಿನ ಉಸಿರು ಎಣಿಸಿದ್ದರು.
ಗ್ಯಾಸ್ ಸಿಲಿಂಡರ್ ಹೊತ್ತವನು ನಲವತ್ತೊಂದರಲ್ಲಿ,
ಬಸುರಿ ಇಪ್ಪತ್ತಾರರಲ್ಲಿ,
ಮುದಿ ನಾಯಿ ಎಲ್ಲೆಂದರಲ್ಲಿ,
ಶಾಲೆಯ ಮಕ್ಕಳು ಎಲ್ಲೂ ಇಲ್ಲ.
ಎರ್ಸಿಲಿಯಾ ಎಂಬ ಮುದುಕಿ, ಆಲೂಗಡ್ಡೆ ಚೀಲದವಳು,
ಅರವತ್ತೇಳರಲ್ಲಿ ನಿಂತು ಕಡಲ ಕಡೆ ತಿರುಗಿ
ನೋಡಲಿಕ್ಕೇ ನಿಂತವಳಂತೆ ನಟಿಸುತ್ತಿದ್ದಳಂತೆ.

ಆ ನಟನೆಗೊಂದು ಜಗಲಿ ಮಾಡಿದರು.
ಅರವತ್ತೇಳನೆಯ ಮೆಟ್ಟಿಲು ಮೂರು ಗೇಣು ಅಗಲ,
ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಗೂಡು,
ಹೊರೆಯನ್ನು ನೆಲಕ್ಕಿಳಿಸದೆ ಒರಗಿಸಲಿಕ್ಕೆ.
ಇಳಿಸಿದರೆ ಮತ್ತೆ ಎತ್ತಬೇಕಲ್ಲ; ಹೊತ್ತವರಿಗೆ ಗೊತ್ತು.
ನಾನು ಕಂಬ ಎಲ್ಲಿ, ಚಾವಣಿ ಎಲ್ಲಿ ಎಂದು ಹುಡುಕಿದ್ದೆ.

ಮಾದರಿಗೆ ದುಡ್ಡಿರಲಿಲ್ಲ. ಬಾಲ್ತಾಸಾರ್
ಅಪ್ಪನ ಮೀನು ಪೆಟ್ಟಿಗೆಯ ಹಲಗೆ ಸೀಳಿ ಅಂಟಿಸಿದ.
ರಾಟರ್‌ಡ್ಯಾಮಿನ ಕಸ್ಟಮ್ಸಿನವರು ಮೂಸಿ ನೋಡಿ
ಎರಡು ದಿನ ಹಿಡಿದಿಟ್ಟುಕೊಂಡರು.

ಫಲಿತಾಂಶ ಬಂದದ್ದು ನಸುಕಿನಲ್ಲಿ.
ಐವತ್ತೆರಡು ದೇಶಗಳ ಗಾಜು, ಉಕ್ಕು, ತೇಲುವ ತೋಟಗಳ ನಡುವೆ
ಮೀನು ವಾಸನೆಯ ಮೆಟ್ಟಿಲು ಮೊದಲು!
ನಯಾರೆತ್ ಫೋನಿನಲ್ಲಿ ಅಳುತ್ತಿದ್ದಳೋ ನಗುತ್ತಿದ್ದಳೋ,
ನಾನು ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ
"ನನಗೆ ಗೊತ್ತಿತ್ತು" ಎಂದುಬಿಟ್ಟೆ.
ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅದೇ ಮೊದಲಲ್ಲ.

ಆಮೇಲೆ ನಗರಸಭೆಯ ಅಭಿನಂದನೆ, ಬಂಗಾರದ ಅಂಚಿನ ಕಾಗದ.
ಕಟ್ಟುತ್ತೀರಾ ಎಂದರೆ, ಪರಿಶೀಲನೆಯಲ್ಲಿದೆ.
ಪತ್ರಿಕೆಯ ಪಟದಲ್ಲಿ ನಾನೂ ಇದ್ದೇನೆ,
ನಡುವೆ, ಒಂದು ಹೆಜ್ಜೆ ಮುಂದೆ.

ನಿನ್ನೆ ಆ ಗುಡ್ಡ ಹತ್ತಿದೆ. ನನಗೀಗ ಐವತ್ತೊಂಬತ್ತು.
ಎಣಿಸಬಾರದೆಂದುಕೊಂಡೇ ಎಣಿಸಿದೆ.
ಸಿಲಿಂಡರಿನವನ ನಲವತ್ತೊಂದು ದಾಟಿದಾಗ ಸಣ್ಣ ಹೆಮ್ಮೆ.
ಐವತ್ತಕ್ಕೆ ಮಂಡಿ ಮಾತಾಡಿತು.
ಅರವತ್ತೇಳಕ್ಕೆ ಕಾಲು ನನ್ನನ್ನು ಕೇಳದೆ ನಿಂತಿತು.
ಕಡಲ ಕಡೆ ತಿರುಗಿದೆ. ಹಡಗು, ಕ್ರೇನು, ಮಂಜು,
ಆಹಾ ಎಂಬಂತೆ ಮುಖ ಮಾಡಿಕೊಂಡು.

ಮೆಟ್ಟಿಲು ಇನ್ನೂ ಒಂದೇ ಗೇಣು. ಗೋಡೆಯಲ್ಲಿ ಗೂಡಿಲ್ಲ.
ಮೇಲಿನಿಂದ ಇಳಿಯುತ್ತಿದ್ದ ಮುದುಕಿ
(ಅವಳೇ ಇರಬೇಕು, ಕೇಳಲಿಲ್ಲ)
ಗೋಡೆಗೆ ಒತ್ತಿಕೊಂಡು ನನಗೆ ಜಾಗ ಬಿಟ್ಟಳು.
"ಅವಸರವೇನು ಮಗಾ, ಸ್ವಲ್ಪ ಸುಧಾರಿಸಿಕೋ."

ಸುಧಾರಿಸಿಕೊಂಡೆ. ಇಪ್ಪತ್ತೆರಡು ಸೆಕೆಂಡು.
ತಗಡಿನ ಕೆಳಗೆ ಯಾರಾದರೂ ಕೂತು ಬರೆದುಕೊಳ್ಳುತ್ತಿದ್ದರೆ
ಸಾಸಿವೆಯಷ್ಟು ನಾನೂ ಅಲ್ಲಿ.