ಹಠ

ಚಿಲೋಯೆ ದ್ವೀಪದಲ್ಲಿ ಜುಲೈ; ಹುಲ್ಲಿಲ್ಲ.
ಸೋದರತ್ತೆ ದೊಮಿತಿಲಾ ಕೊಡಲಿ ಹೆಗಲಿಗೇರಿಸಿ ಕಾಡಿಗೆ ನಡೆದಳು,
ಹಿಂದೆ ಜೋಡಿ ಎತ್ತು, ಅವುಗಳ ಹಿಂದೆ ನಾನು.

ಯಾವ ಗಾಳಿಗೆ ಉರುಳಿತ್ತೋ, ಎಷ್ಟು ಕಾಲವಾಗಿತ್ತೋ, ಆ ಉಲ್ಮೊ ಮರ.
ಮೈತುಂಬ ಪಾಚಿ. ಪಕ್ಕೆಯಲ್ಲಿ ಗೊರಸಿನಂಥ ಅಣಬೆ.
ಒಂದೇ ಏಟು.
ಒಳಗೆ ಬಿಳುಪು! ನೆನೆದ ಅವಲಕ್ಕಿಯ ಹಾಗೆ
ಬೆರಳಿಗೆ ಬಿಡಿಬಿಡಿಯಾಗಿ ಬರುವ ಬಿಳುಪು.
ಕೆಂದ ಮೂತಿಯಿಟ್ಟು ಮೇಯತೊಡಗಿದ,
ಮರವನ್ನು.

ನಾನು ದುಡಿಯುವುದು ಕಡಲಾಚೆ, ಕಾಗದದ ಕಾರ್ಖಾನೆಯಲ್ಲಿ.
ಅಲ್ಲಿ ಕಂದು ತಿರುಳನ್ನು ಕುದಿಸಿ, ಕ್ಲೋರಿನ್ನಿನಲ್ಲಿ ಅದ್ದಿ
ಬೆಳ್ಳಗಾಗುವವರೆಗೆ ಬಿಡುವುದಿಲ್ಲ;
ಕೆಳಗೆ ನದಿ ಚಹಾ ಬಣ್ಣಕ್ಕೆ ತಿರುಗಿ ಹರಿಯುತ್ತದೆ.
ಮರ ಬಿಟ್ಟುಕೊಡದ ಆ ಕಂದಿಗೆ ಲಿಗ್ನಿನ್ ಎಂದು ಹೆಸರು.
ಕೇಳಿ ಅತ್ತೆ ಹೇಳಿದ್ದಿಷ್ಟು: "ಹಠ ಅನ್ನು."

ಸೀಸೆಯಲ್ಲಿ ಚೂರು ತುಂಬಿ ತಂದೆ.
ಚಕ್ಕೆಗಳಿಗೆ ಅಣಬೆ ಹಚ್ಚಿ, ಬೆಚ್ಚಗೆ ಮುಚ್ಚಿ,
ಹಾಲಿಗೆ ಹೆಪ್ಪು ಹಾಕಿದವಳ ಹಾಗೆ ಕಾದೆ.
ನೂಲುನೂಲಾಗಿ ಹಬ್ಬಿತು. ಸದ್ದಿಲ್ಲ, ಕಣ್ಣುರಿಯಿಲ್ಲ,
ಒದ್ದೆ ಮಣ್ಣಿನ ವಾಸನೆ ಮಾತ್ರ.

"ಎಷ್ಟು ದಿನ?" ಎಂದರು ಮುಖ್ಯಸ್ಥ ಸೆಪುಲ್ವೆದಾ.
"ಇಪ್ಪತ್ತೆಂಟು."
ಗಡಿಯಾರ ನೋಡಿದರು, ನನ್ನನ್ನಲ್ಲ.
ನಮ್ಮ ಹಂಡೆಗೆ ನಾಲ್ಕು ಗಂಟೆ ಸಾಕು.

ಉಳಿದ ತಿರುಳಿನಲ್ಲಿ ಒಂದೇ ಹಾಳೆ ಎತ್ತಿದೆ.
ಪೂರ್ತಿ ಬಿಳಿಯಲ್ಲ; ಗಿಣ್ಣದ ಬಣ್ಣ.
ಅದರಲ್ಲೇ ಅತ್ತೆಗೆ ಪತ್ರ ಬರೆದೆ.

ಫೋನಿನಲ್ಲಿ ಅತ್ತೆ: "ಬಂತು ಮಗಾ. ಓದಿ ಮುಗಿಸಲಿಲ್ಲ.
ಬೇಲಿ ಮೇಲಿಟ್ಟು ಕೈ ತೊಳೆಯಲು ಹೋಗಿದ್ದೆ,
ಕೆಂದ ತಿಂದುಬಿಟ್ಟ.
ಇನ್ನೊಂದು ಹಾಳೆ ಇದ್ದರೆ ಕಳಿಸು,
ಚಳಿ ಇನ್ನೂ ಹೋಗಿಲ್ಲ."