ಎಡಕ್ಕೆ ಮೀನು, ಬಲಕ್ಕೆ ನಾವು

ಲಾಂಚು ಇಳಿದವಳು ನಾನೊಬ್ಬಳೇ; ಜೊತೆಗೆ ಒಂದು ಅಂಚೆ ಚೀಲ,
ಎರಡು ಗ್ಯಾಸ್ ಸಿಲಿಂಡರು.
ಮರಳುವ ಲಾಂಚಿಗೆ ಮೂರು ತಾಸು.
ಶೆಟ್‌ಲೆಂಡಿನ ಈ ತುಣುಕಿನಲ್ಲಿ ನೋಡುವಂಥದ್ದು ಒಂದೇ ಅಂತೆ,
ಹಿಂದೆ ಹೆರಿಂಗ್ ಮೀನಿಗೆ ಉಪ್ಪು ಹಾಕುತ್ತಿದ್ದ ಉಗ್ರಾಣ.
ಬಾಗಿಲು ಒಂದು, ಒಳಗೆ ಬಾಣ ಎರಡು,
ಸುಣ್ಣದ ಗೋಡೆಯ ಮೇಲೆ ದೋಣಿಗೆ ಬಳಿದು ಉಳಿದ ನೀಲಿಯಲ್ಲಿ:
ಎಡಕ್ಕೆ ಮೀನು, ಬಲಕ್ಕೆ ನಾವು.

ಟಿಕೆಟು ಹರಿದವಳು ಓಸ್ಲಾ.
ಚಿಲ್ಲರೆ ಕೊಟ್ಟ ಕೈಯಲ್ಲೇ ಸೀಗಡಿಯ ವಾಸನೆ.
"ಮೊದಲು ಎಡಕ್ಕೆ ಹೋಗಿ, ಅವಕ್ಕೆ ಇವತ್ತೇ ಕೊನೆಯ ದಿನ."
ನಾನು ಬೆದರಿದ್ದು ಕಂಡು ನಕ್ಕಳು:
"ಸಾಯಿಸೋದಿಲ್ಲ ಮಾರಾಯ್ತಿ, ಬಿಟ್ಟುಬಿಡ್ತೀವಿ.
ಚಳಿಗಾಲವೆಲ್ಲ ಪಂಪು ಓಡಿಸೋಕೆ ದುಡ್ಡೆಲ್ಲಿದೆ?"

ಏಳು ತೊಟ್ಟಿ. ಗಾಜಿಗೆ ಹೊಟ್ಟೆಯೊತ್ತಿ ಅಂಟಿ ಕೂತ ಲಂಪ್ ಮೀನು,
ಸಾಲ ಕೇಳಲು ಬಂದು ಬಾಯಿ ಬಾರದ ನೆಂಟನ ಹಾಗೆ.
ನಾಲ್ಕು ತೋಳಿನ ನಕ್ಷತ್ರಮೀನು; ಐದನೆಯದು
ಬುಡದಲ್ಲಿ ಅಕ್ಕಿಕಾಳಿನಷ್ಟು ಚಿಗುರಿದೆ.
ಆಕ್ಟೋಪಸ್ಸಿನ ತೊಟ್ಟಿಯ ಮೇಲೆ ಇಟ್ಟಿಗೆ ಮಾತ್ರ ಇದೆ,
ಜುಲೈನಲ್ಲೇ ತಾನಾಗಿ ರಜೆ ಹಾಕಿತಂತೆ.
ಕೊನೆಯದರಲ್ಲಿ ಕಡುನೀಲಿ ಲಾಬ್‌ಸ್ಟರ್,
ಬಾಲದಲ್ಲೊಂದು ಕಚ್ಚು. ಓಸ್ಲಾಳ ನೋಟುಬುಕ್ಕಿನಲ್ಲಿ
ಇದಕ್ಕೆ ಹೆಸರಿಲ್ಲ, ಲೆಕ್ಕವಿದೆ: ಮೂರನೆಯ ಸಲ.
ಅಕ್ಟೋಬರಿನಲ್ಲಿ ಬಿಟ್ಟದ್ದು ಮೇ ತಿಂಗಳಲ್ಲಿ ಮತ್ತೆ
ಅವಳ ತಮ್ಮನ ಬುಟ್ಟಿಯಲ್ಲೇ.
"ದಾರಿ ತಪ್ಪಿ ಬರುತ್ತೋ, ಊಟ ನೆನೆದು ಬರುತ್ತೋ,
ಕೇಳಿದರೆ ಮೀಸೆ ಅಲ್ಲಾಡಿಸುತ್ತೆ."

ಬಲಕ್ಕೆ ಹೋದೆ. ಅಲ್ಲಿ ಪಂಪಿನ ಸದ್ದಿಲ್ಲ.
ಮುಚ್ಚಿದ ಶಾಲೆಯ ಹಾಜರಿ ಪುಸ್ತಕ, ಕೊನೆಯ ಪುಟದಲ್ಲಿ ಎರಡೇ ಹೆಸರು,
ಅದರಲ್ಲೂ ಒಬ್ಬ ಗೈರು.
ಹೆರಿಂಗ್ ಸೀಳುತ್ತಿದ್ದ ಹುಡುಗಿಯರ ಫೋಟೋ,
ಬೆರಳು ಬೆರಳಿಗೂ ಹಳೆ ಬಟ್ಟೆಯ ಚಿಂದಿ ಸುತ್ತಿ, ಚೂರಿ ಹಿಡಿದು, ನಗುತ್ತ.
ಮೂರನೆಯವಳ ಹೆಸರಿನ ಕೆಳಗೆ ಯಾರೋ
ಪೆನ್ಸಿಲಿನಲ್ಲಿ: ಇದು ನಮ್ಮಜ್ಜಿ ಅಲ್ಲ.
ಅದರ ಕೆಳಗೆ ಇನ್ನೊಂದು ಕೈ: ಹೌದು.

ಒಂದು ಹಲಗೆ: ಕಡಲಿಗಿಳಿದ ಮೇಲೆ ಆಡಬಾರದ ಮಾತುಗಳು.
ಪಾದ್ರಿಯನ್ನು ಪಾದ್ರಿ ಎನ್ನುವಂತಿಲ್ಲ, ಬೆಕ್ಕನ್ನು ಬೆಕ್ಕೆನ್ನುವಂತಿಲ್ಲ,
ಚೂರಿಗೂ ನೀರ ಮೇಲೆ ಬೇರೆಯೇ ಹೆಸರು.
ಕತ್ತಲಾದ ಮೇಲೆ ಹಾವನ್ನು ಹುಳ ಎನ್ನುತ್ತಿದ್ದ
ಬಾಯಿ ನನ್ನದು; ಓದುತ್ತ ಓದುತ್ತ
ಪರಸ್ಥಳವೆನಿಸಲಿಲ್ಲ.
ಬದಲಿ ಹೆಸರುಗಳು ಗಾಜಿನ ಹಿಂದೆ ಉಳಿದಿವೆ.
ಹೆದರುವವರು ಹೋದರು. ಯಾವುದಕ್ಕೆ ಹೆದರುತ್ತಿದ್ದರೋ
ಅದು ಕಿಟಕಿಯಾಚೆ ಹಾಗೇ ಇದೆ, ಏಳುತ್ತ, ಬೀಳುತ್ತ.

ಮುಂದಿನ ಪೆಟ್ಟಿಗೆ ಖಾಲಿ.
ಮಖಮಲ್ಲಿನಲ್ಲಿ ಸೂಜಿಯಾಕಾರದ ತಗ್ಗು, ಪಕ್ಕದಲ್ಲಿ ಚೀಟಿ:
೧೧೪. ಬಲೆ ಹೆಣೆಯುವ ಮೂಳೆಸೂಜಿ.
ಹೊರಗೆ ಹೋಗಿದೆ. ಸೋಮವಾರ ವಾಪಸು.

ಬಕೆಟ್ಟು ಹೊರುವವರಿರಲಿಲ್ಲ, ನಾನೂ ಕೈಹಾಕಿದೆ.
ಹದಿನಾಲ್ಕು ಸುತ್ತು, ಜಾರುವ ಕಲ್ಲು, ಮೊಣಕೈವರೆಗೆ ಒದ್ದೆ.
ಲಾಬ್‌ಸ್ಟರ್ ನಮ್ಮನ್ನೇ ನೋಡುತ್ತ ಹಿಂದಕ್ಕೆ ಹಿಂದಕ್ಕೆ ಹೋಯಿತು,
ದೊಡ್ಡವರಿಗೆ ಬೆನ್ನು ತೋರಿಸಬಾರದೆಂದು ಯಾರೋ ಕಲಿಸಿದ ಹಾಗೆ.
ಲಂಪ್ ಮೀನು ಬಕೆಟ್ಟಿನ ತಳಕ್ಕೇ ಕಚ್ಚಿಕೊಂಡಿತು,
ಬೋರಲು ಹಾಕಿದರೂ ಬೀಳದು.
ಓಸ್ಲಾ ಬಕೆಟ್ಟನ್ನೇ ಹಗ್ಗ ಕಟ್ಟಿ ನೀರಿಗಿಳಿಸಿದಳು:
"ಮನಸ್ಸಾದಾಗ ಹೋಗಲಿ."

ಲಾಂಚು ಕೂಗಿತು. ದಕ್ಕೆಯ ತುದಿಯಲ್ಲಿ ಲೌರಿ,
ಎಂಬತ್ತರ ಮುದುಕ, ಹರಿದ ಬಲೆಯನ್ನು ಮೊಣಕಾಲಿಗೆಳೆದು ಕೂತಿದ್ದ.
ಬೆರಳ ಸಂದಿಯಲ್ಲಿ ಹಳದಿಗಟ್ಟಿದ ಮೂಳೆ ಓಡುತ್ತಿತ್ತು,
ಅದರ ಕಿವಿಯಿಂದ ತೂಗುತ್ತ ಒಂದು ಚೀಟಿ, ನೂರಾ ಹದಿನಾಲ್ಕು.
"ಅಲ್ಲಿ ಸೋಮವಾರ ಅಂತ ಬರೆದಿದೆ," ಎಂದೆ.
"ಹೌದು."
"ಇವತ್ತೇ ಸೋಮವಾರ."
ಗಂಟು ಬಿಗಿದು, ಹಲ್ಲಲ್ಲಿ ದಾರ ಕಡಿದು, ಅವನು:
"ಯಾವ ಸೋಮವಾರ ಅಂತ ಬರೆದಿಲ್ಲವಲ್ಲ."