ಕೋಣೆ ತೋರಿಸಿ

ಪರೀಕ್ಷೆಗೆ ಮುಂಚೆ ಒಮ್ಮೆ ಕೋಣೆ ತೋರಿಸಿ, ಅನ್ನುತ್ತದೆ ಪರದೆ.
ಕ್ಯಾಮೆರಾ ನಿಧಾನ ತಿರುಗಲಿ.
ನಾಲ್ಕೂ ಗೋಡೆ, ಮೇಜಿನ ಮೇಲೆ, ಮೇಜಿನ ಕೆಳಗೆ.

ಹೆಸರು ವರ್ಲೀನ್ ಟ್ಯಾಕೆಟ್. ವಯಸ್ಸು ನಲವತ್ತೊಂಬತ್ತು.
ಊರು ಟೊಲೀಡೊ, ಒಹಾಯೊ.
ಆರನೇ ವರ್ಷ ಈ ಪದವಿಗೆ. ಕಾಲೇಜಿನ ಮೆಟ್ಟಿಲು
ಎಷ್ಟಿವೆಯೋ ನಾ ಕಾಣೆ.
ಬೆಳಿಗ್ಗೆ ಒಂಬತ್ತೂವರೆ. ನನಗಿದು ನಡುರಾತ್ರಿ.

ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು
ಕೂಸಿಗೆ ಮನೆ ತೋರಿಸುವವಳ ಹಾಗೆ ಸುತ್ತುತ್ತೇನೆ.

ಇದು ಗೋಡೆ. ಗಾಲಿ ಕಳಚಿದ ಟ್ರೇಲರ್ ಮನೆಯದು,
ಗುದ್ದಿದರೆ ಡಬ್ಬದ ಸದ್ದು.
ಇದು ಕಿಟಕಿ. ಕಂಬಳಿಗೆ ಮೊಳೆ ಹೊಡೆದಿದ್ದೇನೆ,
ನಕಲು ಮಾಡಲಿಕ್ಕಲ್ಲ, ಹಗಲು ಮಲಗಲಿಕ್ಕೆ.
ಹನ್ನೊಂದು ವರ್ಷದಿಂದ ಸೂರ್ಯ ನನಗೆ
ಕಂಬಳಿಯ ನೂಲು ಸವೆದಲ್ಲಿ ಮಾತ್ರ ಪರಿಚಯ.

ಇದು ಬೇಕರಿಯ ಕೋಟು.
ಹೌದು, ಜೇಬಿನಲ್ಲಿ ಚೀಟಿಯಿದೆ. ಬಿಡಿಸಿ ತೋರಿಸುತ್ತೇನೆ:
ನಾಲ್ಕನೇ ಬೆಲ್ಟು, ಈಸ್ಟ್ ಎರಡು ಮೂಟೆ,
ರೋಸಾಲ್ಬಾಗೆ ಐದು ಡಾಲರ್ ಕೊಡಬೇಕು.
ಸೂತ್ರಗಳಿದ್ದ ಚೀಟಿಗಳು ಬೇರೆ.
ಹಿಟ್ಟಿನ ತೊಟ್ಟಿಯ ಬದಿಗೆ ಅಂಟಿಸಿ ಮೂರು ತಿಂಗಳು ಓದಿ
ನಿನ್ನೆ ಊಟದ ಬಿಡುವಿನಲ್ಲಿ ಕಿತ್ತೆ.
ಸ್ಥಿರ ವೆಚ್ಚ, ಚರ ವೆಚ್ಚ, ಲಾಭವಿಲ್ಲದ ನಷ್ಟವಿಲ್ಲದ ಬಿಂದು,
ಒಂದೊಂದಕ್ಕೂ ಹುದುಗಿನ ವಾಸನೆ ಹತ್ತಿತ್ತು,
ತಲೆಯೊಳಗೆ ಹೋದ ಮೇಲೂ ಬಿಟ್ಟಿಲ್ಲ.

ಮೇಜಿನ ಕೆಳಗೆ: ಶೂ. ಹೊಲಿಗೆಯ ಸಂದಿನಲ್ಲಿ ಮೈದಾ.
ಮೇಜಿನ ಮೇಲೆ: ಕಾಫಿ. ಗಾಜಿನ ಲೋಟದಲ್ಲೇ, ನಿಯಮದಂತೆ.

ತೋಳು ಮಡಿಸಿ, ಮುಂಗೈ ತೋರಿಸಿ.
ತೋರಿಸಿದೆ.
ಚಕ್ರ ತಿರುಗಿತು, ತಿರುಗಿತು, ಯೋಚಿಸಿತು.
ಎಡ ಮುಂಗೈಯಲ್ಲಿ ಬರಹದಂಥ ಗುರುತು ಕಂಡಿದೆ. ದಯವಿಟ್ಟು ಒರೆಸಿ.

ಬರಹವಲ್ಲ ಕಣಪ್ಪಾ, ಬರೆ.
ಒಲೆಯ ಬಾಗಿಲು ಎಳೆದದ್ದು, ಒಂದರ ಕೆಳಗೊಂದು,
ಗೆರೆ ಹಾಕಿದ ವಹಿಯ ಹಾಗೆ.
ಇದು ಥ್ಯಾಂಕ್ಸ್‌ಗಿವಿಂಗ್ ಹಿಂದಿನ ರಾತ್ರಿ, ಆರ್ಡರು ದುಪ್ಪಟ್ಟಾದಾಗ.
ಇದು ಮೊದಲ ಸೆಮಿಸ್ಟರು, ಕಿವಿಗೆ ಪಾಠ ಸಿಕ್ಕಿಸಿಕೊಂಡು ತಟ್ಟೆ ತೆಗೆದದ್ದು.
ಇದು ಸುಮ್ಮನೆ, ನಿದ್ದೆಗಣ್ಣಲ್ಲಿ.
ನಿನ್ನ ಸಮಾಧಾನಕ್ಕೆ ನೀರು ಹಚ್ಚಿ ಉಜ್ಜಿದೆ.
ಮತ್ತೆ ತೋರಿಸಿದೆ. ಮತ್ತೆ ಯೋಚಿಸಿತು. ಬಿಟ್ಟಿತು.

ಕಿವಿ ತೋರಿಸಿ. ಬಲ. ಎಡ.
ಯಾರೂ ಪಿಸುಗುಡುತ್ತಿಲ್ಲ.
ರಾತ್ರಿಯಿಡೀ ಕೇಳಿದ ಯಂತ್ರ ಇನ್ನೂ ಒಳಗೇ ಓಡುತ್ತಿದೆ,
ಅದಕ್ಕೆ ಉತ್ತರ ಒಂದೂ ಗೊತ್ತಿಲ್ಲ.

ಕೋಣೆಯಲ್ಲಿ ಬೇರೆ ಯಾರಾದರೂ?

ಇಲ್ಲ.
ಕಳೆದ ಸಲ ಇದ್ದ. ಅಡ್ಡಗೋಡೆಯಾಚೆ ಮಲಗಿ ಗೊರಕೆ ಹೊಡೆದ.
ಪರರ ಧ್ವನಿ ಎಂದು ಬರೆದುಕೊಂಡು
ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟೆ ನೀನು.
ಹದಿನೇಳು ವರ್ಷ ಕೇಳಿದ್ದೇನೆ ಆ ಗೊರಕೆಯನ್ನು,
ಒಂದು ಅಂಕದ ಉತ್ತರವನ್ನೂ ಹೇಳಿಕೊಟ್ಟಿಲ್ಲ.
ಈ ಸಲ ಡೆಲ್ಬರ್ಟ್ ತಾನೇ ದಿಂಬು ಕಂಕುಳಲ್ಲಿಟ್ಟುಕೊಂಡು
ಪಿಕಪ್ ಟ್ರಕ್ಕಿಗೆ ಹೋದ. ಫೆಬ್ರವರಿ. ಗಾಜಿನ ತುಂಬ ಹಿಮ.
ಹೀಟರಿಗೆ ಪೆಟ್ರೋಲು ಯಾಕೆ ದಂಡವೆಂದು
ನನ್ನ ಎರಡು ಸ್ವೆಟರು ತನ್ನದರ ಮೇಲೆ ತೊಟ್ಟು.

ಆರಂಭಿಸಬಹುದು. ಎರಡು ಗಂಟೆ.

ಮೊದಲ ಪ್ರಶ್ನೆ: ಒಂದು ಬ್ರೆಡ್ ಕಾರ್ಖಾನೆ
ಪಾಳಿಯೊಂದಕ್ಕೆ ಹನ್ನೆರಡು ಸಾವಿರ ಬ್ರೆಡ್ ತಯಾರಿಸುತ್ತದೆ.
ನೂರಕ್ಕೆ ಮೂರು ಹಾಳು.
ಹಾಳಾದದ್ದರ ವೆಚ್ಚವನ್ನು ಯಾವ ಲೆಕ್ಕಕ್ಕೆ ಹಾಕುವಿರಿ?

ನಗು ಬಂತು. ನುಂಗಿದೆ, ಅದನ್ನೂ ಬರೆದುಕೊಂಡೀತು.
ಮುನ್ನೂರ ಅರವತ್ತು.
ಅಷ್ಟನ್ನೂ ನಾನು ನೋಡಿದ್ದೇನೆ,
ಒಂದು ಮಗ್ಗುಲು ಕುಸಿದವು, ನೆತ್ತಿ ಸೀದವು,
ರೋಸಾಲ್ಬಾ ಪಾಯಖಾನೆಗೆ ಓಡಿದ ನಾಲ್ಕು ನಿಮಿಷದಲ್ಲಿ
ಬೆಲ್ಟಿನ ತುದಿಯಿಂದ ಒಂದರ ಹಿಂದೊಂದು ಉದುರಿದವು.
ಕೊಟ್ಟ ನಾಲ್ಕು ಉತ್ತರಗಳಲ್ಲಿ ಅವಳಿಲ್ಲ.
ಎರಡನೆಯದನ್ನು ಒತ್ತಿದೆ:
ಸಾಮಾನ್ಯ ನಷ್ಟ, ಚೆನ್ನಾಗಿ ಬೆಂದವುಗಳ ಮೇಲೆ ಹಂಚತಕ್ಕದ್ದು.

ಹೊರಗೆ ಟ್ರಕ್ಕಿನ ಬಾಗಿಲು ತೆರೆದು ಮುಚ್ಚಿತು. ಕೆಮ್ಮು.
ಕಂಬಳಿಯ ಸವೆದ ನೂಲಿನ ಕಡೆ ತಿರುಗಿದೆ, ಅಷ್ಟೇ.

ಎಚ್ಚರಿಕೆ: ನಿಮ್ಮ ದೃಷ್ಟಿ ಪರದೆಯಿಂದ ಆಚೆ ಹೋಗಿದೆ.

ಎರಡನೇ ಪ್ರಶ್ನೆ.